ಮೂವತ್ತು ಸುಣ್ಣದ ಬೊಟ್ಟು

ಕುಬೇರಪ್ಪ ಮಾಸ್ತರರನ್ನು ನೆನೆದರೆ ನನಗೆ ಮೊದಲು ಬರುವುದು ಹಗೇವಿನ ವಾಸನೆ. ಈಗಿನವರಿಗೆ ಹಗೇವು ಗೊತ್ತಿರಲಿಕ್ಕಿಲ್ಲ. ಜೋಳ ತುಂಬಿಡಲು ನೆಲದೊಳಗೆ ಬಾವಿಯ ಹಾಗೆ ತೋಡಿದ ಗುಂಡಿ ಅದು. ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಹಾಕಿ, ಮೇಲೆ ದನ ಕಟ್ಟಿಬಿಟ್ಟರೆ ಹೊರಗಿನವರಿಗೆ ಗುರುತು ಹತ್ತುತ್ತಿರಲಿಲ್ಲ. ಮುಚ್ಚಿದ ಹಗೇವನ್ನು ತೆರೆದ ಕೂಡಲೇ ಮುಗ್ಗಿದ ಬಿಸಿ ಗಾಳಿ ಮುಖಕ್ಕೆ ಹೊಡೆಯುತ್ತದೆ. ನಾನು ಎಂಟು ವರ್ಷದವಳಿದ್ದಾಗ ನಮ್ಮ ಹಗೇವನ್ನು ಸರಕಾರದ ಜನ ಹಾರೆ ಹಾಕಿ ತೆಗೆದರು. ಅದು ಎಲ್ಲಿದೆ, ಒಳಗೆ ಎಷ್ಟಿದೆ ಎಂದು ಹೇಳಿಕೊಟ್ಟವಳು ನಾನು. ನನ್ನಿಂದ ಹೇಳಿಸಿದವರು ಕುಬೇರಪ್ಪ ಮಾಸ್ತರರು.

ಮಾಸ್ತರರು ಹಂಸಭಾವಿಯ ಕಡೆಯವರು. ಹಿರೇಕೆರೂರಿನ ಸುತ್ತ ನಾಲ್ಕು ಹಳ್ಳಿ, ಆಮೇಲೆ ದುಂಡಸಿ, ಹೀಗೆ ಬದಲಿಯಾಗುತ್ತ ಕೊನೆಗೆ ಬಂಕಾಪುರದಿಂದ ಮೂರು ಮೈಲಿಯ ನಮ್ಮೂರಿಗೆ ಬಂದು ನಿಂತರು. ಹೆಂಡತಿ ವೀರವ್ವನ ತವರು ನಮ್ಮೂರೇ. ಆಕೆಯ ಪಾಲಿಗೆ ಬಂದ ಎರಡಂಕಣದ ಮನೆ ಶಾಲೆಯ ಹಿಂದೆಯೇ ಇತ್ತು. ಮಕ್ಕಳಿರಲಿಲ್ಲ. ಮುಚ್ಚುಗೊರಳಿನ ಕೋಟು, ತಲೆಗೆ ರುಮಾಲು, ಬಾಯಲ್ಲಿ ಸವಣೂರಿನ ಎಲೆ. ಉಗುಳಬೇಕಾದರೆ ಮಾತ್ರ ಪಾಠ ನಿಲ್ಲಿಸಿ ಶಾಲೆಯ ಹಿಂದಿನ ಬೇಲಿಯವರೆಗೂ ನಡೆದುಹೋಗಿ ಉಗುಳಿ ಬರುತ್ತಿದ್ದ ಮನುಷ್ಯ. ಅಷ್ಟು ಶುಚಿ ಇದ್ದವರು ಆ ಕೆಲಸ ಮಾಡಿದರಲ್ಲ ಎಂದು ನನಗೆ ಇಂದಿಗೂ ಸಿಟ್ಟು.

ಗಣಿತವೆಂದರೆ ಅವರಿಗೆ ಪ್ರಾಣ. ಬೇಲಿಯ ಲೆಕ್ಕವನ್ನು ವರ್ಷಕ್ಕೊಮ್ಮೆ ತಪ್ಪದೆ ಹಾಕುತ್ತಿದ್ದರು. ನೂರು ಮೊಳ ಬೇಲಿ, ಹತ್ತು ಮೊಳಕ್ಕೊಂದು ಗೂಟ, ಗೂಟ ಎಷ್ಟು? ಹತ್ತು ಎಂದು ಎಲ್ಲರೂ ಕೂಗುತ್ತಿದ್ದೆವು. ಸಾಲಾಗಿ ನಿಲ್ಲಿಸಿ ಎಲ್ಲರ ಅಂಗೈಗೂ ಒಂದೊಂದು ಬಾರಿಸಿ, "ಮೊದಲನೇ ಗೂಟ ಯಾರು ನಿಮ್ಮಪ್ಪ ಎಣಸ್ತಾನೇನು? ಹನ್ನೊಂದು," ಎನ್ನುತ್ತಿದ್ದರು. ಗೂಟ ಬೇರೆ, ಸಂದು ಬೇರೆ ಎಂಬುದು ನಮ್ಮ ಅಂಗೈಗೆ ಚೆನ್ನಾಗಿ ಗೊತ್ತಿತ್ತು.

ಅವರ ಮನೆಯಲ್ಲಿ ಒಂದು ಪದ್ಧತಿ. ದೀಪಾವಳಿಯ ಲಕ್ಷ್ಮೀಪೂಜೆಗೆ ಅಂಗಡಿಕಾರರು ಲೆಕ್ಕದ ಪುಸ್ತಕ ಪೂಜಿಸುವ ಹಾಗೆ ವೀರವ್ವ ಗಂಡನ ನೌಕರಿಯ ಕಾಗದಗಳಿದ್ದ ಕಟ್ಟಿಗೆಯ ಪೆಟ್ಟಿಗೆಯನ್ನು ಪೂಜಿಸುತ್ತಿದ್ದರು. ಪೂಜೆ ಮುಗಿದ ಮೇಲೆ ಮುಚ್ಚಳದ ಒಳಮೈಗೆ ಬೆರಳಿನಿಂದ ಒಂದು ಸುಣ್ಣದ ಬೊಟ್ಟು ಇಡುತ್ತಿದ್ದರು. ಒಂದು ಬೊಟ್ಟು ಎಂದರೆ ನೌಕರಿಯ ಒಂದು ವರ್ಷ. ಮೂವತ್ತು ವರ್ಷ ತುಂಬಿದರೆ ಮಾಸ್ತರ ತಾನಾಗಿ ನೌಕರಿ ಬಿಟ್ಟು ಪಿಂಚಣಿ ತೆಗೆದುಕೊಳ್ಳಬಹುದು; ಬೇಕಾದರೆ ಐವತ್ತೈದು ವಯಸ್ಸಿನವರೆಗೂ ದುಡಿಯಬಹುದು. ಮಾಸ್ತರರಿಗೆ ಐವತ್ತೈದರವರೆಗೂ ಇರುವ ಮನಸ್ಸಿತ್ತು. ಯುದ್ಧದ ಕಾಲ, ನೌಕರಿಯಲ್ಲಿದ್ದವರಿಗೆ ತುಟ್ಟಿಭತ್ಯೆ ಸಿಗುತ್ತಿತ್ತು. ಬಿಟ್ಟು ಹೋಗುವ ಮಾತೇ ಇರಲಿಲ್ಲ.

ನಲವತ್ತನಾಲ್ಕರ ಸುಗ್ಗಿ ಮುಗಿದ ಮೇಲೆ ಧಾನ್ಯ ವಸೂಲಿಯ ಸಾಹೇಬನೊಬ್ಬ ನಮ್ಮೂರಿಗೆ ಬಂದ. ಮನೆಗೆ ಇಷ್ಟು ಎಂದು ಬಿಟ್ಟು ಉಳಿದ ಜೋಳವನ್ನೆಲ್ಲ ಸರಕಾರದ ದರಕ್ಕೆ ಅಳೆದು ಕೊಡಬೇಕು ಎಂದು ಹುಕುಂ. ಊರವರೆಲ್ಲ ಒಂದೇ ಮಾತು ಹೇಳಿದರು: ಹಗೇವೇ ಇಲ್ಲ, ಇದ್ದದ್ದು ಖಾಲಿ. ಅಷ್ಟರಲ್ಲಿ ಅರ್ಧ ಜೋಳ ಈ ಹುಕುಂ ನಡೆಯದ ಸವಣೂರು ನವಾಬರ ಸೀಮೆಗೆ ದಾಟಿತ್ತು ಎಂಬುದು ಬೇರೆ ಮಾತು. ಸಾಹೇಬ ಸಂಜೆ ಮಾಸ್ತರರ ಮನೆಗೆ ಬಂದು ಚಹಾ ಕುಡಿದ.

"ದೊಡ್ಡೋರು ಸುಳ್ಳು ಹೇಳ್ತಾರ ಮಾಸ್ತರ. ಸಾಲಿ ಹುಡುಗ್ರನ್ನ ಕೇಳ್ರಿ," ಎಂದ.

"ಹುಡುಗ್ರಿಗೆ ಏನಂತ ಕೇಳೂದ್ರಿ?"

"ಅದನ್ನೂ ನಾ ಹೇಳಿಕೊಡಬೇಕೇನು? ಲೆಕ್ಕದ ಮಾಸ್ತರ ನೀವು. ಒಂದು ಲೆಕ್ಕ ಹಾಕ್ರಿ."

ಇದನ್ನೆಲ್ಲ ವೀರವ್ವ ಆಮೇಲೆ ನನ್ನ ಮುಂದೆ ಹೇಳಿದ್ದು. ಆಗುವುದಿಲ್ಲ ಎಂಬ ಮಾತು ಗಂಡನ ಬಾಯಿಂದ ಬರುತ್ತದೆ ಎಂದು ಆಕೆ ಒಲೆಯ ಹತ್ತಿರ ಕಾದರಂತೆ. ಬರಲಿಲ್ಲ.

ಮರುದಿನ ಹಲಗೆಯ ಮೇಲೆ ದುಂಡಗಿನ ಅಕ್ಷರದಲ್ಲಿ ಲೆಕ್ಕ ಬಂತು. ನಮ್ಮ ಹಗೇವು ಮನೆಯ ಯಾವ ಕಡೆ ಇದೆ. ಅದರಲ್ಲಿ ಎಷ್ಟು ಚೀಲ ಜೋಳವಿದೆ. ತಿಂಗಳಿಗೆ ಒಂದು ಚೀಲ ಖರ್ಚಾದರೆ ಎಷ್ಟು ತಿಂಗಳು ಬರುತ್ತದೆ? ಬಿಟ್ಟ ಜಾಗ ನಾವು ತುಂಬಬೇಕು. ನಮ್ಮ ಹಗೇವು ತುಂಬುವಾಗ ನಾನು ಅಲ್ಲೇ ಕೂತು ಚೀಲ ಎಣಿಸಿದ್ದೆ. ಪಾಟಿಯ ಮೇಲೆ ಬರೆದೆ: ದನದ ಕೊಟ್ಟಿಗೆ, ಹದಿನಾಲ್ಕು ಚೀಲ, ಹದಿನಾಲ್ಕು ತಿಂಗಳು. ಎಲ್ಲರಿಗಿಂತ ಮೊದಲು ಓಡಿಹೋಗಿ ತೋರಿಸಿದೆ.

"ಶಾಬಾಸ್, ಯಂಕವ್ವಾ," ಎಂದರು ಮಾಸ್ತರರು. ನನ್ನ ಕಡೆ ನೋಡಲಿಲ್ಲ. ಎಲ್ಲರ ಪಾಟಿಗಳನ್ನು ಮೇಜಿನ ಮೇಲೆ ಒಟ್ಟಿಸಿಕೊಂಡು ಒಂದೊಂದನ್ನೇ ಕಾಗದಕ್ಕೆ ಇಳಿಸಿದರು.

ಎರಡು ದಿನಕ್ಕೆ ನಮ್ಮ ಕೊಟ್ಟಿಗೆಗೆ ಹಾರೆ ಬಂತು. ಒಂಬತ್ತು ಚೀಲ ಎಳೆದರು, ಐದು ಬಿಟ್ಟರು. ಏಳು ಜನರ ಮನೆ ನಮ್ಮದು. ನಮ್ಮಪ್ಪ ಹುಚ್ಚಪ್ಪ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ, ಮೂರು ದಿನ ನನ್ನ ಕಡೆ ನೋಡಲೂ ಇಲ್ಲ. ಹೊಡೆದಿದ್ದರೆ ಎಷ್ಟೋ ಬೇಕಿತ್ತು. ತೆರೆದ ಹಗೇವಿನ ವಾಸನೆ ಹಾಸಿಗೆಗೂ ಬಟ್ಟೆಗೂ ಹತ್ತಿ ಎಂಟು ದಿನ ಹೋಗಲಿಲ್ಲ. ಶಾಬಾಸ್ ಎಂಬ ಮಾತು ಎಲ್ಲೇ ಕೇಳಿದರೂ ಆ ವಾಸನೆ ನನ್ನ ಮೂಗಿಗೆ ಬರುತ್ತದೆ.

ಮಾಸ್ತರರಿಗೂ ಬಂದಿರಬೇಕು. ಅಂದಿನಿಂದ ಜೋಳದ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ ಎಂದು ತಾಟು ಸರಿಸುತ್ತಿದ್ದರಂತೆ. ನನಗೇನೂ ಕನಿಕರವಿಲ್ಲ. ಇಳಿಯದಿದ್ದರೆ ಇಳಿಯದಿರಲಿ, ನಮ್ಮ ಮನೆಯಲ್ಲಿ ಇಳಿಸಲು ರೊಟ್ಟಿಯೇ ಇರಲಿಲ್ಲ.

ಆ ವರ್ಷದ ದೀಪಾವಳಿಗೆ ವೀರವ್ವ ಬೊಟ್ಟು ಇಟ್ಟರು. ಮಾಸ್ತರರು ಪೆಟ್ಟಿಗೆಯ ಮುಂದೆ ಕೂತು ಎಣಿಸಿದರು. ಮೂವತ್ತು.

"ನಾ ಬಿಡ್ತೇನಿ," ಎಂದರು. "ಹೊಸಾ ವರ್ಷದಿಂದ ಪಿಂಚಣಿ ತಗೊಂತೇನಿ."

"ಇನ್ನೂ ಐದಾರು ವರ್ಷ ದುಡೀಬಹುದಲ್ರಿ. ಈ ತುಟ್ಟಿ ಕಾಲದಾಗ ಅರ್ಧಾ ಪಗಾರದಾಗ ಹೆಂಗ ಬದುಕೂದು?"

"ಸುಗ್ಗಿಗೆ ಅವ ಮತ್ತ ಬರ್ತಾನ. ಮತ್ತ ಹುಡುಗ್ರ ಕೈಯಾಗ ಪಾಟಿ ಹಿಡಸಂತಾನ. ನನಗ ಈ ನೌಕರಿ ಹೇಸಿಕಿ ಬಂದೈತಿ ವೀರವ್ವಾ. ಸುಗ್ಗಿಗಿಂತ ಮೊದಲ ನಾ ಹೊರಗ ಬೀಳಬೇಕು."

ಅರ್ಜಿ ಹೋಯಿತು. ಡಿಸೆಂಬರ್ ಕೊನೆಯ ದಿನ ಮಾಸ್ತರರು ಶಾಲೆಯ ಬೀಗದ ಕೈಯನ್ನು ಹೊಸ ಮಾಸ್ತರನಿಗೆ ಕೊಟ್ಟು, ಕೋಟು ಜಾಡಿಸಿಕೊಂಡು ಮನೆಗೆ ಬಂದರು.

ಪಿಂಚಣಿಯ ಕಾಗದ ಕೇಳಲು ಹೋದಾಗ ಕಾರಕೂನ ಗುದ್ಲೆಪ್ಪ ಬಾಯ್ತುಂಬ ನಕ್ಕ. ಯಾವ ಕಚೇರಿ ಎಂದು ಹೇಳುವ ಇಷ್ಟ ನನಗಿಲ್ಲ. ಅಂಥ ಕಾರಕೂನರು ಎಲ್ಲ ಕಚೇರಿಯಲ್ಲೂ ಇದ್ದರು.

"ಮಾಸ್ತರ, ನಿಮ್ಮ ನೌಕರಿ ಇಪ್ಪತ್ತೊಂಬತ್ತು ವರ್ಷ ನಾಲ್ಕು ತಿಂಗಳು ಆಗೈತಿ. ಮೂವತ್ತಕ್ಕ ಎಂಟು ತಿಂಗಳು ಕಡಿಮಿ."

"ಮೂವತ್ತು ದೀಪಾವಳಿ ಆಗ್ಯಾವಲ್ರಿ."

"ನೌಕರಿ ಹತ್ತಿದ್ದು ಯಾವಾಗ? ಹದಿನೈದನೇ ಇಸ್ವಿ ಸಪ್ಟೆಂಬರ. ಹತ್ತಿ ಎರಡು ತಿಂಗಳಿಗೆ ಮೊದಲನೇ ದೀಪಾವಳಿ. ಅದನ್ನೂ ವರ್ಷ ಅಂತ ಎಣಸೀರಿ."

ಬೇಲಿಯ ಮೊದಲನೆಯ ಗೂಟ. ಮೂವತ್ತು ಗೂಟದ ನಡುವೆ ಇಪ್ಪತ್ತೊಂಬತ್ತು ಸಂದು. ಈ ಲೆಕ್ಕಕ್ಕಾಗಿ ಎಷ್ಟು ಮಕ್ಕಳ ಅಂಗೈ ಕೆಂಪಾಗಿತ್ತೋ ಏನೋ. ಮಾಸ್ತರರು ಅಲ್ಲಿಯೇ ಬೆಂಚಿನ ಮೇಲೆ ಕೂತುಬಿಟ್ಟರಂತೆ.

"ಅರ್ಜಿ ಬಂದಾಗ ನೀವು ನೋಡಿರಲಿಲ್ಲೇನ್ರಿ?" ಎಂದು ಕೇಳಿದರು.

"ನೋಡಿದ್ದೆ. ನೀವು ಲೆಕ್ಕದ ಮಾಸ್ತರರು, ನಿಮಗ ನಾ ಏನ ಲೆಕ್ಕಾ ಹೇಳ್ಲಿ?"

ನಮ್ಮೂರಿಗೆ ಬಂದ ಹೊಸ ಮಾಸ್ತರ ಈ ಗುದ್ಲೆಪ್ಪನ ಅಣ್ಣನ ಅಳಿಯ ಎಂಬುದು ಊರಿಗೆ ತಿಳಿದದ್ದು ತಿಂಗಳ ಮೇಲೆ. ಜಾಗ ಖಾಲಿಯಾಗಲಿ ಎಂದು ಗುದ್ಲೆಪ್ಪ ಬಾಯಿ ಮುಚ್ಚಿಕೊಂಡು ಕೂತಿದ್ದ. ಅಂಥವನ ಮುಂದೆ ಕೈ ಜೋಡಿಸಿ ನಿಲ್ಲುವ ಗತಿ ಮಾಸ್ತರರಿಗೆ ಬಂತು.

ಗುದ್ಲೆಪ್ಪ ದಾರಿ ಹೇಳಿದ. ಸುಮ್ಮನೆ ಹೀಗೆ ಬಿಟ್ಟರೆ ಅದು ರಾಜೀನಾಮೆ, ಪಿಂಚಣಿಯ ಒಂದು ದುಡ್ಡೂ ಇಲ್ಲ. ಅರ್ಜಿ ಹಿಂದಕ್ಕೆ ತೆಗೆದುಕೊಂಡರೆ ಬೇರೆ ಊರಿಗೆ ಹಾಕುತ್ತಾರೆ. ಎಂಟು ತಿಂಗಳು ತುಂಬಿಸಿ ಸರಿಯಾದ ಪಿಂಚಣಿ ತೆಗೆದುಕೊಳ್ಳಬಹುದು.

"ಆದ್ರ ಒಂದು ಮಾತು ಮಾಸ್ತರ. ವಸೂಲಿ ಸಾಹೇಬ್ರಿಗೆ ನಿಮ್ಮ ಆ ಲೆಕ್ಕ ಭಾಳ ಮನಸ್ಸಿಗೆ ಬಂದೈತಿ. ಈ ಸುಗ್ಗಿಗೆ ನಿಮ್ಮನ್ನ ಹತ್ತು ಊರಿನ ಸಾಲಿಗೆ ಕಳಸಬೇಕು ಅಂತ ಬರದಾರ. ಅದು ಬ್ಯಾಡ ಅಂದ್ರ ಇನ್ನೊಂದು ದಾರಿ ಐತಿ. ಇವರು ನೌಕರಿಗೆ ಲಾಯಕ ಇಲ್ಲ ಅಂತ ಡಾಕ್ಟರ ಬರದ್ರ ಸಾಕು, ಇಪ್ಪತ್ತೊಂಬತ್ತಕ್ಕೂ ಪಿಂಚಣಿ ಆಗತೈತಿ. ಕಣ್ಣು ಕಾಣೂದಿಲ್ಲ ಅನ್ರಿ."

ಮನೆಗೆ ಬಂದು ಮಾಸ್ತರರು ಪೆಟ್ಟಿಗೆಯ ಮುಚ್ಚಳ ತೆಗೆದು ಬೊಟ್ಟುಗಳ ನಡುವಿನ ಸಂದುಗಳನ್ನು ಬೆರಳಿಟ್ಟು ಎಣಿಸಿದರು. ಆಮೇಲೆ ಬಹಳ ಹೊತ್ತು ನಕ್ಕರಂತೆ. ಆ ನಗು ಕೇಳಿ ಹೆದರಿಕೆಯಾಯಿತು ಎಂದು ವೀರವ್ವ ಹೇಳುತ್ತಿದ್ದರು.

ದೊಡ್ಡ ಡಾಕ್ಟರು ಹಾನಗಲ್ಲಿಗೆ ಬಂದಾಗ ಗಂಡ ಹೆಂಡತಿ ಬಾಡಿಗೆ ಗಾಡಿ ಕಟ್ಟಿಸಿಕೊಂಡು ಹೋದರು. ಗೋಡೆಗೆ ಅಕ್ಷರದ ಹಲಗೆ ತೂಗುಹಾಕಿತ್ತು. ಮೇಲೆ ದೊಡ್ಡ ಅಕ್ಷರ, ಕೆಳಗೆ ಕೆಳಗೆ ಸಣ್ಣವು. ಮಾಸ್ತರರು ಮೊದಲ ಸಾಲು ಓದಿ ನಿಲ್ಲಿಸಿದರು.

"ಕೆಳಗಿನ ಸಾಲು?"

"ಕಾಣೂದಿಲ್ರಿ."

"ಅದರ ಮೇಲಿನದು?"

"ಅದೂ ಕಾಣೂದಿಲ್ರಿ."

ಡಾಕ್ಟರು ಅವರ ಮುಖ ನೋಡಿದರು, ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ಕಾಗದಕ್ಕೆ ಸಹಿ ಹಾಕಿದರು. ಬಾಗಿಲ ಬಳಿ ನಿಂತಿದ್ದ ವೀರವ್ವನಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತಂತೆ. ಹಿಂದಿರುಗುವಾಗ ಬಂಕಾಪುರದ ಕೋಟೆ ಕಾಣತೊಡಗಿದ ಮೇಲೆ ಮಾಸ್ತರರು ಒಮ್ಮೆಲೇ ಆ ಹಲಗೆಯ ಅಕ್ಷರಗಳನ್ನೆಲ್ಲ ಮೇಲಿನಿಂದ ಕೆಳಗಿನವರೆಗೆ ಒಂದೂ ಬಿಡದೆ ಒಪ್ಪಿಸಿದರಂತೆ. ಕೇಳುವುದಕ್ಕೆ ಹೆಂಡತಿ ಮತ್ತು ಗಾಡಿಯ ಬಂದೇಸಾಬ ಇಬ್ಬರೇ. ಬಂದೇಸಾಬ ತಿರುಗಿ ನೋಡದೆ ಎತ್ತಿನ ಬಾಲ ತಿರುವಿದ.

ಹೀಗೆ ಐವತ್ತು ವರ್ಷದ, ಕಣ್ಣು ನಿಚ್ಚಳ ಇದ್ದ ಮನುಷ್ಯ ಕುರುಡನೆಂದು ಬರೆಸಿಕೊಂಡು ಪಿಂಚಣಿ ಚಾಲೂ ಮಾಡಿಕೊಂಡ. ತಿಂಗಳಿಗೆ ಹದಿನಾರು ರೂಪಾಯಿ ಚಿಲ್ಲರೆ.

ಇಷ್ಟಕ್ಕೇ ಮುಗಿದಿದ್ದರೆ ಸುಮ್ಮನಿರಬಹುದಿತ್ತು. ನಮ್ಮಪ್ಪ ಬಿಡಬೇಕಲ್ಲ. ಮೊದಲ ಪಿಂಚಣಿ ತರಲು ಮಾಸ್ತರರು ಶಿಗ್ಗಾಂವಿಗೆ ಹೊರಟ ದಿನ ಅಪ್ಪ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ, "ಕಣ್ಣಿಲ್ಲದ ಮಾಸ್ತರಗ ಸರಕಾರ ಅನ್ನಾ ಹಾಕತೈತಿ, ಹಾಕ್ಲಿ. ಆದ್ರ ಒಂದು ಸಲ ಓದೂದು ನನ್ನ ಕಣ್ಣಿಗೆ ಬೀಳ್ಲಿ, ಅವತ್ತ ಅರ್ಜಿ ಬರಸ್ತೇನಿ. ನನ್ನ ಒಂಬತ್ತು ಚೀಲ ಜ್ವಾಳ ತಿಂದಾನ ಅವ."

ಮಾಸ್ತರರು ನಿಂತು ಕೇಳಿಸಿಕೊಂಡರು. ಅಂದಿನಿಂದ ಅವರು ಪತ್ರಿಕೆ ಹಿಡಿಯಲಿಲ್ಲ, ಟಪಾಲು ಓದಲಿಲ್ಲ, ಸಂಜೆ ಕಟ್ಟೆಯಲ್ಲಿ ಶಾಸ್ತ್ರದ ಪುಸ್ತಕ ಓದಿ ಹೇಳುತ್ತಿದ್ದದ್ದನ್ನೂ ಬಿಟ್ಟರು. ಬೀದಿಗೆ ಬಂದರೆ ವೀರವ್ವನ ಕೈ ಹಿಡಿದೇ ಬರುತ್ತಿದ್ದರು. ಊರವರಿಗೆಲ್ಲ ಗೊತ್ತು ಅವರಿಗೆ ಕಾಣುತ್ತದೆ ಎಂದು. ಅವರಿಗೂ ಗೊತ್ತು ಊರವರಿಗೆ ಗೊತ್ತಿದೆ ಎಂದು. ಎಲ್ಲರೂ ಸೇರಿ ಆ ಹೊಲಸನ್ನು ದಿನವೂ ತುಳಿದರು, ಒಬ್ಬರೂ ಮೂಗು ಮುಚ್ಚಲಿಲ್ಲ.

ನಾನೂ ತುಳಿದವಳೇ. ಒಮ್ಮೆ ಅವರು ಒಬ್ಬರೇ ಗೋಡೆ ಹಿಡಿದು ಬರುವುದು ನೋಡಿ, ಆಗತಾನೆ ಬಿದ್ದ ಎಮ್ಮೆಯ ಸಗಣಿಯನ್ನು ತಂದು ದಾರಿಯ ನಡುವೆ ಇಟ್ಟೆ. ದಾಟಿ ಹೋದರೆ ಅಪ್ಪನಿಗೆ ಹೇಳಬಹುದು ಎಂದು ನನ್ನ ಆಸೆ. ಕಟ್ಟೆಯ ಮೇಲೆ ಐದಾರು ಜನ ಇದ್ದರು, ಅಪ್ಪನೂ ಇದ್ದ. ಮಾಸ್ತರರು ಸಗಣಿಯ ಹತ್ತಿರ ಬಂದು ಒಂದು ಗಳಿಗೆ ನಿಂತರು. ಆಮೇಲೆ ಕಾಲೆತ್ತಿ ಅದರ ಮೇಲೆಯೇ ಇಟ್ಟರು, ಪಾದ ಪೂರಾ ಮುಳುಗುವ ಹಾಗೆ. ಉಗುಳಲು ಬೇಲಿಯವರೆಗೆ ನಡೆಯುತ್ತಿದ್ದ ಮನುಷ್ಯ. ಕಟ್ಟೆಯ ಜನ ನಕ್ಕರು. ನಾನೂ ನಕ್ಕೆ, ನಕ್ಕು ಮನೆಗೆ ಓಡಿ ಕೈಯನ್ನು ಬೂದಿ ಹಚ್ಚಿ ಎರಡು ಸಲ ತೊಳೆದೆ.

ನಲವತ್ತೊಂಬತ್ತರಲ್ಲಿ ನಾನು ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದೆ. ನಮ್ಮ ಕೇರಿಯ ಹೆಣ್ಣುಮಕ್ಕಳಲ್ಲಿ ನಾನೇ ಮೊದಲು. ಅಂಕಪಟ್ಟಿ ಬಂದ ದಿನ ಕಟ್ಟೆಯ ಮೇಲೆ ಊರು ಕೂಡಿತ್ತು, ಮಾಸ್ತರರೂ ಕೂತಿದ್ದರು. ನನ್ನೊಳಗಿನ ಹಳೆಯ ವಿಷ ಇನ್ನೂ ಇಳಿದಿರಲಿಲ್ಲ. ನೇರವಾಗಿ ಹೋಗಿ ಪಟ್ಟಿಯನ್ನು ಅವರ ಕೈಗೇ ಕೊಟ್ಟೆ.

"ನೋಡ್ರಿ ಮಾಸ್ತರ."

"ನನಗೆಲ್ಲಿ ಕಾಣತೈತಿ ಯಂಕವ್ವಾ. ನೀನ ಓದು, ಕೇಳ್ತೇನಿ," ಎಂದರು. ಪಟ್ಟಿಯನ್ನು ತೊಡೆಯ ಮೇಲೆ ಬಿಡಿಸಿ ಹಿಡಿದರು.

ನಾನು ಪಕ್ಕದಲ್ಲಿ ನಿಂತು ಒಂದೊಂದೇ ಓದಿದೆ. ಗಣಿತಕ್ಕೆ ಬಂದಾಗ, ನಲವತ್ತೆಂಟು ಇದ್ದದ್ದನ್ನು ಎಂಬತ್ತನಾಲ್ಕು ಎಂದೆ. ಗಟ್ಟಿಯಾಗಿ ಅಂದೆ. ಒಂದು ತಪ್ಪು ಅಂಕಿ ಕಂಡರೆ ಊಟ ಬಿಡುತ್ತಿದ್ದವರು, ಈಗ ಹೇಗೆ ಸುಮ್ಮನಿರುತ್ತಾರೆ ನೋಡುತ್ತೇನೆ ಎಂದುಕೊಂಡೆ. ಅಪ್ಪನೂ ಅವರ ಮುಖವನ್ನೇ ನೋಡುತ್ತಿದ್ದ. ಮಾಸ್ತರರ ಹೆಬ್ಬೆರಳು ಆ ಅಂಕಿಯ ಕೆಳಗೆ ಬಂದು ನಿಂತಿತ್ತು. ತುಟಿ ಅಲುಗಿತು.

"ಭಾಳ ಛಲೋ ಆತವ್ವಾ," ಎಂದರು. ಪಟ್ಟಿ ಮಡಚಿ ಕೊಟ್ಟರು.

ಕಟ್ಟೆಯ ಜನ ಎಂಬತ್ತನಾಲ್ಕು ಎಂದು ಬೆನ್ನು ಚಪ್ಪರಿಸಿದರು. ಅವರ ಮೇಲೆ ಹೇಸಿಕೆ ಬಂತು, ನನ್ನ ಮೇಲೆ ಅದಕ್ಕಿಂತ ಹೆಚ್ಚು ಬಂತು.

ಮರುದಿನ ಮುಂಜಾನೆ ಅಪ್ಪ ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದ. ವೀರವ್ವ ಹಿತ್ತಲ ಬಾಗಿಲಿಗೆ ಬಂದರು. ಸೆರಗಿನೊಳಗಿಂದ ಒಂದು ಹಳೆಯ ಪಾಟಿ ತೆಗೆದು ನನ್ನ ಕೈಗಿಟ್ಟು, "ಮಾಸ್ತರ ಕೊಟ್ಟಾರವ್ವಾ," ಎಂದರು. ಅಷ್ಟೇ ಹೇಳಿ ಹೋದರು.

ಪಾಟಿಯ ಮೇಲೆ ಅದೇ ದುಂಡಗಿನ ಅಕ್ಷರ, ಇಡೀ ಊರಿಗೆ ಗುರುತಿದ್ದ ಅಕ್ಷರ. ಗಣಿತ ೪೮. ೮೪ ಅಲ್ಲ. ಅಂಕಿ ಸರಿಯಾಗಿ ಓದಬೇಕು. ಕೆಳಗೆ ನನ್ನ ಎಲ್ಲ ವಿಷಯಗಳ ಅಂಕ ಒಂದರ ಕೆಳಗೊಂದು, ಕೂಡಿಸಿದ ಮೊತ್ತ, ಅದರ ಪಕ್ಕ ಸರಿ ಎಂದು ಒಂದು ಗೀಟು. ಪಟ್ಟಿ ಅವರ ತೊಡೆಯ ಮೇಲಿದ್ದದ್ದು ನಾಲ್ಕು ಮಾತಿನಷ್ಟು ಹೊತ್ತು. ಅಷ್ಟರಲ್ಲಿ ಎಲ್ಲವನ್ನೂ ಓದಿಕೊಂಡಿದ್ದರು.

ಅಪ್ಪ ನಾಲ್ಕು ವರ್ಷದಿಂದ ಕಾಯುತ್ತಿದ್ದದ್ದು ಇದಕ್ಕೇ. ಈ ಒಂದು ಪಾಟಿ ಕಚೇರಿಗೆ ಹೋದರೆ ಆ ಹದಿನಾರು ರೂಪಾಯಿ ನಿಲ್ಲುತ್ತಿತ್ತು, ಮಾಸ್ತರರ ಕೈಗೆ ಕೋಳ ಬಿದ್ದರೂ ಬೀಳುತ್ತಿತ್ತು. ಅದನ್ನು ತಿಳಿದೇ ಅವರು ಅದನ್ನು ಹುಚ್ಚಪ್ಪನ ಮಗಳ ಕೈಗೆ ಕಳಿಸಿದ್ದರು.

"ಯಾರ ಬಂದಿದ್ರು?" ಎಂದು ಅಪ್ಪ ಒಳಗಿನಿಂದ ಕೇಳಿದ. ಹಗ್ಗ ಬಿಟ್ಟು ಎದ್ದ ಸಪ್ಪಳವಾಯಿತು.

ನಾನು ಪಾಟಿಯ ಮೇಲೆ ಉಗುಳಿದೆ. ಅಂಗೈಯಿಂದ ಉಜ್ಜಿದೆ, ಲಂಗದಿಂದ ಉಜ್ಜಿದೆ, ಒಂದು ಅಕ್ಷರವೂ ಉಳಿಯದ ಹಾಗೆ ಉಜ್ಜಿದೆ. ಅಪ್ಪ ಬಾಗಿಲಿಗೆ ಬಂದು ನಿಂತ.

"ವೀರವ್ವ ಬಂದಿದ್ಲು."

"ಕೈಯಾಗ ಏನದು?"

"ಪಾಟಿ," ಎಂದೆ. "ಖಾಲಿ ಐತಿ."